ಕುಶಾಲತೋಪು ಹಾರಿಸುವವರಿಗೆ

ಮೀಸಲು ಪೊಲೀಸ್ ಪಡೆಗೆ ಹೊಸದಾಗಿ ಸೇರುವ ಹುಡುಗರಿಗೆ ಮೊದಲೇ ಹೇಳಿಬಿಡುತ್ತೇನೆ. ಶವಸಂಸ್ಕಾರದ ದಿನ ನಿಮ್ಮ ಕೈಗೆ ಕೊಡುವ ತೋಟಾದಲ್ಲಿ ಗುಂಡು ಇರುವುದಿಲ್ಲ. ಮದ್ದು ಇರುತ್ತದೆ, ಸದ್ದು ಬರುತ್ತದೆ, ಒಂದಿಷ್ಟು ಹೊಗೆ ಬರುತ್ತದೆ. ಹಾಗಂತ ಅದನ್ನು ಆಟದ ಸಾಮಾನು ಎಂದುಕೊಂಡವನು ಈ ಕೆಲಸಕ್ಕೆ ಬರಬಾರದು. ಗುರಿ ಅಭ್ಯಾಸದಲ್ಲಿ ತಪ್ಪಿದರೆ ಮತ್ತೊಂದು ತೋಟಾ ಕೊಡುತ್ತಾರೆ. ಇಲ್ಲಿ ಎದುರಿಗೆ ಸತ್ತವನ ತಾಯಿ ಕೂತಿರುತ್ತಾಳೆ. ಅವಳ ಮುಂದೆ ತಪ್ಪಿದರೆ ಇನ್ನೊಂದು ಸಲ ಎಂಬುದಿಲ್ಲ.

ನಾನು ಹದಿನೇಳು ವರ್ಷ ಸೇನೆಯಲ್ಲಿದ್ದು, ಆಮೇಲೆ ಮಾಜಿ ಸೈನಿಕರ ಕೋಟಾದಲ್ಲಿ ಪೊಲೀಸಿಗೆ ಬಂದವನು. ಮಂಡ್ಯದಲ್ಲಿ ಇದ್ದಷ್ಟು ಕಾಲವೂ ನನಗೆ ಸಿಕ್ಕಿದ್ದು ಕವಾಯತಿನ ಕೆಲಸ. ಆ ಕೆಲಸದಲ್ಲಿ ಹೆಚ್ಚಿನ ಪಾಲು ಸಾವಿನ ಮನೆಯ ಮುಂದೆ ಬಂದೂಕು ತಲೆಕೆಳಗು ಮಾಡಿ ನಿಲ್ಲುವುದು. ಯಾವಾಗ ಬಡ್ತಿ ಬಂತು, ಯಾಕೆ ತಡವಾಯಿತು ಎಂಬುದನ್ನೆಲ್ಲ ಬರೆದರೆ ನನ್ನ ಹೆಂಡತಿಯೂ ಓದುವುದಿಲ್ಲ. ಅದನ್ನು ಬಿಡುತ್ತೇನೆ.

ಇದನ್ನು ಬರೆಯಲು ಕಾರಣ ಉಂಟು. ಹೋದ ತಿಂಗಳು ಹೊಸ ಹುಡುಗರ ಮುಂದೆ ನಾಲ್ಕು ಮಾತಾಡಿ ಎಂದು ಕರೆದಿದ್ದರು. ಹೋದೆ. ವೇದಿಕೆ ಹತ್ತುವ ಮುಂಚೆ ಅಧಿಕಾರಿಯೊಬ್ಬರು ಕಿವಿಯಲ್ಲಿ, "ಸರ್, ರಾಜಕೀಯ ಬೇಡ," ಎಂದರು. ಇನ್ನೊಬ್ಬರು ಬಂದು, "ಸೇನೆ ವಿಷಯನೂ ಬೇಡ, ಈಗ ಸ್ವಲ್ಪ ಸೂಕ್ಷ್ಮ ಇದೆ," ಎಂದರು. ಈ ಕೆಲಸದಲ್ಲಿ ಇರುವುದು ಆ ಎರಡೇ. ಎರಡನ್ನೂ ತೆಗೆದರೆ ಬೂಟಿಗೆ ಪಾಲಿಷ್ ಹಾಕುವ ಬಗೆ ಉಳಿಯುತ್ತದೆ. ಅದನ್ನೇ ಹೇಳಿ ಇಳಿದು ಬಂದೆ. ಉಳಿದದ್ದು ಇಲ್ಲಿದೆ.

ನಾನು ಸೇರಿದ ಕಾಲದಲ್ಲಿ ನಮಗಿದ್ದ ಇನ್ಸ್‌ಪೆಕ್ಟರು ಕೊಡಗಿನ ಕಡೆಯವರು. ಯಾರನ್ನೂ ಹೊಗಳಿದವರಲ್ಲ. ದಿನಾ ಬೆಳಿಗ್ಗೆ, ಯಾರೂ ಸಾಯದಿದ್ದರೂ, ಕುಶಾಲತೋಪಿನ ಅಭ್ಯಾಸ ಮಾಡಿಸುತ್ತಿದ್ದರು. ಮೈದಾನದ ಕಲ್ಲುಬೆಂಚೇ ನಮ್ಮ ಶವಪೆಟ್ಟಿಗೆ. ಬಂದೂಕು ಎತ್ತುವಾಗ ಒಬ್ಬನ ಮೊಣಕೈ ಹೊರಗೆ ಬಂದರೂ ಇಡೀ ಸಾಲು ಮತ್ತೆ ಮೊದಲಿನಿಂದ. "ಸತ್ತವನಿಗೆ ಮಾತಾಡಕ್ಕಾಗಲ್ಲ, ಅದಕ್ಕೇ ನೀವು ಸರಿಯಾಗಿ ಮಾಡಬೇಕು," ಎನ್ನುತ್ತಿದ್ದರು. ಇಷ್ಟು ವರ್ಷದಲ್ಲಿ ಇದಕ್ಕಿಂತ ದೊಡ್ಡ ಪಾಠ ನನಗೆ ಯಾರೂ ಹೇಳಿಲ್ಲ.

ಹನಕೆರೆಯಲ್ಲಿ ಒಬ್ಬ ಯೋಧನ ಅಂತ್ಯಕ್ರಿಯೆ. ಪೆಟ್ಟಿಗೆಯ ಮೇಲೆ ರಾಷ್ಟ್ರಧ್ವಜ ಹೊದಿಸಿ ಆಗಿತ್ತು. ಒಂದು ಪಕ್ಷದ ನಾಲ್ಕು ಜನ ಬಂದು, ಧ್ವಜದ ಮೇಲೆ ತಮ್ಮ ಪಕ್ಷದ ಶಾಲು ಹಾಕಿ, ಕೈ ಮುಗಿದು, ಫೋಟೊ ತೆಗೆಸಿಕೊಂಡರು. ನಮ್ಮ ಇನ್ಸ್‌ಪೆಕ್ಟರು ನಡೆದು ಹೋದರು. ಶಾಲನ್ನು ಎತ್ತಿದರು, ಇಸ್ತ್ರಿ ಮಡಿಕೆಯಂತೆ ಮಡಿಸಿದರು, ಅವರ ಮುಖಂಡನ ಕೈಗೆ ಕೊಟ್ಟು ಸೆಲ್ಯೂಟ್ ಹೊಡೆದು ತಮ್ಮ ಜಾಗಕ್ಕೆ ಬಂದು ನಿಂತರು. ಆ ಮುಖಂಡ ಶಾಲನ್ನು ಕಂಕುಳಲ್ಲಿ ಇಟ್ಟುಕೊಂಡು ಸಂಸ್ಕಾರ ಮುಗಿಯುವ ತನಕ ನೆಟ್ಟಗೆ ನಿಂತಿದ್ದ. ಮಾರನೆಯ ದಿನ ದೂರು ಬರಲಿಲ್ಲ, ಪತ್ರಿಕಾ ಹೇಳಿಕೆ ಬರಲಿಲ್ಲ. ಆಗ ಜನಕ್ಕೆ ನಾಚಿಕೆ ಎಂಬುದೊಂದಿತ್ತು, ಅಧಿಕಾರಿಗೆ ಬೆನ್ನುಮೂಳೆ ಎಂಬುದೊಂದಿತ್ತು.

ಆಮೇಲಿನ ವರ್ಷಗಳಲ್ಲಿ ಸರ್ಕಾರಿ ಗೌರವ ಅಗ್ಗವಾಯಿತು. ಯಾವ ಪಕ್ಷದ ಸರ್ಕಾರ ಎಂದು ಕೇಳಬೇಡಿ, ಈ ವಿಷಯದಲ್ಲಿ ಎಲ್ಲರೂ ಅಣ್ಣತಮ್ಮಂದಿರೇ. ಮೊದಲು ಲಿಖಿತ ಆದೇಶ ಬರುತ್ತಿತ್ತು. ಆಮೇಲೆ ಫೋನು. ಬೆಳಿಗ್ಗೆ ತಿಂಡಿ ತಿನ್ನುವಾಗ ಫೋನು, ಮಧ್ಯಾಹ್ನಕ್ಕೆ ಯಾರದೋ ತೋಟದಲ್ಲಿ ಕುಶಾಲತೋಪು. ಸತ್ತವರು ಯಾರು ಎಂದರೆ, ದೊಡ್ಡವರಿಗೆ ಬೇಕಾದವರು. ದಿನದ ಅಭ್ಯಾಸವೂ ನಿಂತಿತು, ಏಕೆಂದರೆ ಹುಡುಗರೆಲ್ಲ ಯಾರದೋ ಬೆಂಗಾವಲಿಗೆ ಹೋಗಿರುತ್ತಿದ್ದರು.

ಅದರ ಫಲ ಸೋಮನಹಳ್ಳಿಯಲ್ಲಿ ಕಂಡಿತು. ಸಣ್ಣ ಕಾರ್ಖಾನೆ ಇಟ್ಟುಕೊಂಡಿದ್ದ ಒಬ್ಬ ಸ್ಥಳೀಯ ಮುಖಂಡರು ತೀರಿಕೊಂಡಿದ್ದರು. ನನಗೆ ಕೊಟ್ಟ ಸಾಲಿನಲ್ಲಿ ಅರ್ಧ ಜನ ಎಂದೂ ಒಟ್ಟಿಗೆ ಬಂದೂಕು ಎತ್ತಿದವರಲ್ಲ. ನಾನು ಆಜ್ಞೆ ಕೊಟ್ಟೆ. ಒಂದು ಬಂದೂಕು ಮೊದಲು, ಎರಡು ಆಮೇಲೆ, ಮತ್ತೊಂದು ಯೋಚನೆ ಮಾಡಿ ಆಮೇಲೆ. ಒಂದಂತೂ ಸಿಡಿಯಲೇ ಇಲ್ಲ. ಜನರ ಮಧ್ಯದಿಂದ ಒಬ್ಬ ಮುದುಕ ಪಕ್ಕದವನಿಗೆ ಹೇಳಿದ್ದು ನನಗೆ ಚೆನ್ನಾಗಿ ಕೇಳಿಸಿತು.

"ಇದೇನ್ಲಾ, ಪುರಿ ಉರ್ದಂಗೆ ಒಡೀತಾವ್ರೆ."

"ಸುಮ್ಕಿರಣ್ಣ, ಸತ್ತೋರು ಕೇಳುಸ್ಕತರೆ."

"ಕೇಳುಸ್ಕಳ್ಳಿ ಬುಡ್ಲಾ. ಬದ್ಕಿದ್ದಾಗ ನಮ್ ಮಾತ್ನಂತೂ ಕೇಳುಸ್ಕಳ್ಳಿಲ್ಲ."

ನಾನು ಆವತ್ತು ಮಂಡ್ಯಕ್ಕೆ ವಾಪಸು ಬಂದವನೇ ಆ ಹುಡುಗರನ್ನು ವ್ಯಾನಿನಿಂದ ನೇರ ಮೈದಾನಕ್ಕೆ ಇಳಿಸಿದೆ. ತೋಳು ಎತ್ತಲಾಗದೆ ಅವರೇ ಬೇಡಿಕೊಳ್ಳುವ ತನಕ ಬಿಡಲಿಲ್ಲ. ಸತ್ತವರು ಮುಖಂಡರೋ ಯೋಧರೋ ಅದು ಸರ್ಕಾರದ ತಲೆನೋವು. ಬಂದೂಕು ಒಟ್ಟಿಗೆ ಸಿಡಿಯುವುದು ನಮ್ಮದು.

ನನ್ನ ಜೊತೆ ಕೊನೆಯವರೆಗೂ ಇದ್ದವನು ತುತ್ತೂರಿಯ ನಜೀರ್. ಮದ್ದೂರಿನವನು. ಅವನ ಮನೆಯವರದು ಮೋಟಾರು ರಿಪೇರಿ ಅಂಗಡಿ. ಇವನೊಬ್ಬ ತುತ್ತೂರಿ ಹಿಡಿದು ಪೊಲೀಸಿಗೆ ಬಂದ. ಈಗ ಇಬ್ಬರೂ ನಿವೃತ್ತರು. ನಾನು ಮದ್ದೂರಿಗೆ ಹೋದಾಗಲೆಲ್ಲ ಆ ಅಂಗಡಿಯ ಮುಂದೆ ಕೂತು ಟೀ ಕುಡಿಯುತ್ತೇವೆ. ಜಗಳವೂ ಆಡುತ್ತೇವೆ.

ಗಡಿಯಲ್ಲಿ ಏನಾದರೂ ನಡೆಯಿತೆಂದರೆ ಇಲ್ಲಿ ಎರಡು ಗುಂಪು. ಒಂದು ಗುಂಪು ಸೇನೆಯವರು ಹೇಳಿದ್ದಕ್ಕೆ ಸಾಕ್ಷಿ ಕೇಳುತ್ತದೆ. ಇನ್ನೊಂದು ಗುಂಪು ಫ್ಲೆಕ್ಸ್ ಹಾಕಿಸುತ್ತದೆ. ಆ ಫ್ಲೆಕ್ಸಿನಲ್ಲಿ ಯೋಧನ ಮುಖ ನಿಂಬೆಹಣ್ಣಿನಷ್ಟು, ಹಾಕಿಸಿದವನ ಮುಖ ಕುಂಬಳಕಾಯಿಯಷ್ಟು. ಮೊದಲನೆಯವರ ಮೇಲೆ ನನಗೆ ಸಿಟ್ಟು ಹೆಚ್ಚು, ಮುಚ್ಚಿಡುವುದಿಲ್ಲ. ಹಿಮದಲ್ಲಿ ನಿಂತು ಬಂದವನನ್ನು ರಸ್ತೆಯಲ್ಲಿ ನಿಲ್ಲಿಸಿ ಲೆಕ್ಕ ಕೇಳುವುದು ತಪ್ಪು. ಸೇನೆ ಸರ್ಕಾರಕ್ಕೆ ಲೆಕ್ಕ ಕೊಡುತ್ತದೆ, ಅದಕ್ಕೊಂದು ದಾರಿ ಇದೆ. ಟಿ.ವಿ. ಮುಂದೆ ಕೂತ ನಾಲ್ಕು ಜನಕ್ಕೆ ಕೊಡುವುದಲ್ಲ.

"ಹಂಗಾರೆ ಆ ಫ್ಲೆಕ್ಸ್‌ನೋರು ಸರಿನಾ ಗೌಡ್ರೆ?" ಎಂದು ನಜೀರ್ ಕೆಣಕುತ್ತಾನೆ.

"ಅವರೂ ಸರಿಯಿಲ್ಲ. ಆದರೆ ಅವರು ಸೇನೆಯನ್ನು ಬಯ್ಯೋದಿಲ್ಲವಲ್ಲ."

"ಬಯ್ಯಕಿಲ್ಲ, ಮಾರ್ಕತಾರೆ. ನಮ್ಮಂಗ್ಡಿ ಎದುರ್ಗೇ ಒಂದ್ ಕಟ್ಟವ್ರೆ ನೋಡಿ. ಗಾಳಿಗೆ ಯೋಧ ಅರ್ದೋಗವ್ನೆ, ಲೀಡ್ರು ಮಾತ್ರ ಗಟ್ಟಿಯಾಗವ್ನೆ."

ಅಲ್ಲಿಗೆ ನಾನು ಇನ್ನೊಂದು ಟೀ ಹೇಳುತ್ತೇನೆ.

ಇನ್ನು ಆ ನಾಲ್ಕು ವರ್ಷದ ಹೊಸ ನೇಮಕಾತಿ. ಹುಡುಗರು ಸೇನೆಗೆ ನಾಲ್ಕು ವರ್ಷಕ್ಕೆ ಸೇರುತ್ತಾರೆ, ಅವರಲ್ಲಿ ಕೆಲವರನ್ನು ಮಾತ್ರ ಉಳಿಸಿಕೊಳ್ಳುತ್ತಾರೆ. ರಾಜ್ಯದವರು ದೆಹಲಿಯನ್ನು ಬಯ್ಯುತ್ತಾರೆ, ದೆಹಲಿಯವರು ರಾಜ್ಯದವರಿಗೆ ದೇಶಭಕ್ತಿ ಇಲ್ಲ ಎನ್ನುತ್ತಾರೆ. ನನ್ನ ಅಭಿಪ್ರಾಯ ಕೇಳಿದರೆ, ಸೇನೆಯನ್ನು ಹೇಗೆ ಕಟ್ಟಬೇಕೆಂಬುದು ಸೇನೆಯವರಿಗೆ ಗೊತ್ತು, ಬೀದಿಯಲ್ಲಿ ತೀರ್ಮಾನ ಆಗುವ ವಿಷಯ ಅಲ್ಲ. ಆದರೂ ನಾಲ್ಕು ವರ್ಷದಲ್ಲಿ ಒಬ್ಬ ಪಳಗುತ್ತಾನೆಯೇ ಎಂಬ ಅನುಮಾನ ನನಗೂ ಇದೆ. ನನಗೆ ಹಾಸಿಗೆ ಮಡಿಸುವುದು ಸರಿಯಾಗಿ ಬರುವುದಕ್ಕೇ ಎರಡು ವರ್ಷ ಹಿಡಿಯಿತು. ಆದರೆ ಆ ಅನುಮಾನವನ್ನು ಸತ್ತ ಹುಡುಗನ ಪೆಟ್ಟಿಗೆಯ ಮುಂದೆ ಬಾಯಿಬಿಟ್ಟು ಆಡಬಾರದು. ಅದನ್ನು ಆಡಿದವರನ್ನು ನಾನು ಕಂಡೆ.

ನನ್ನ ನಿವೃತ್ತಿಗೆ ಕೆಲವೇ ತಿಂಗಳಿತ್ತು. ಪೂರಿಗಾಲಿ ಕಡೆಯ ಒಂದು ಹಳ್ಳಿಯ ಹುಡುಗ, ಮಾದೇಶ ಅಂತ. ಗಡಿ ಕಡೆಯ ಬೆಟ್ಟದ ರಸ್ತೆಯಲ್ಲಿ ಸೇನೆಯ ಲಾರಿ ಕಮರಿಗೆ ಉರುಳಿ ತೀರಿಕೊಂಡಿದ್ದ. ನಾಲ್ಕು ವರ್ಷದ ನೇಮಕಾತಿಯವನು. ತಂದೆ ಮೊದಲೇ ಇಲ್ಲ. ತಾಯಿ ಚಿಕ್ಕತಾಯಮ್ಮ. ಮನೆಗೆ ಹಿರಿಯನಂತೆ ಓಡಾಡುತ್ತಿದ್ದವನು ಆಕೆಯ ತಮ್ಮ ಬೋರೇಗೌಡ, ಹುಡುಗನ ಸೋದರಮಾವ.

ನಾವು ವ್ಯಾನಿನಲ್ಲಿ ಹೋಗಿ ಇಳಿಯುವಷ್ಟರಲ್ಲಿ ಶಾಲೆಯ ಮೈದಾನದಲ್ಲಿ ಎರಡು ಫ್ಲೆಕ್ಸ್ ಎದ್ದಿದ್ದವು, ಒಂದೊಂದು ಪಕ್ಷದ್ದು ಒಂದೊಂದು. ಹುಡುಗನ ಫೋಟೊ ಸಿಗದೆ ಕಾಲೇಜಿನ ಗುರುತಿನ ಚೀಟಿಯ ಮುಖವನ್ನು ತೆಗೆದು ಯಾವನೋ ಕರ್ನಲ್‌ನ ಮೈಗೆ ಅಂಟಿಸಿದ್ದರು. ಎದೆಯ ತುಂಬ ಪದಕ. ಬೋರೇಗೌಡ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದ.

"ಸಾರ್, ನಮ್ ಉಡ್ಗ ಸೇರಿ ವರ್ಸ ಆಗಿಲ್ಲ. ಎದೆ ಮ್ಯಾಲೆ ಇರೋ ಬಿಲ್ಲೆಗಳು ಯಾರ್ದು?"

"ಪ್ರಿಂಟ್ ಮಾಡೋರ್ದು," ಎಂದೆ.

ಪೆಟ್ಟಿಗೆ ಬಂತು. ಜೊತೆಯಲ್ಲಿ ಸೇನೆಯ ಒಬ್ಬ ಸುಬೇದಾರರು ಮತ್ತು ಕೆಲವು ಸೈನಿಕರು. ತಾಯಿ ಪೆಟ್ಟಿಗೆಯ ಪಕ್ಕದಲ್ಲಿ ಕೂತರು. ಅಳುತ್ತಿರಲಿಲ್ಲ, ಅತ್ತು ಮುಗಿದಿತ್ತು ಎಂದು ಕಾಣುತ್ತದೆ. ಆಗ ವ್ಯವಸ್ಥೆ ನೋಡಿಕೊಳ್ಳಲು ಬಂದಿದ್ದ ಕಂದಾಯದ ಒಬ್ಬ ಅಧಿಕಾರಿ ಆಕೆಗೆ ಎರಡು ಮಾರು ದೂರದಲ್ಲಿ ನಿಂತು, ನಮ್ಮ ಹೊಸ ಇನ್ಸ್‌ಪೆಕ್ಟರನ್ನು ಗಟ್ಟಿಯಾಗಿ ಕೇಳಿದರು:

"ಇವರು ಆ ನಾಲ್ಕು ವರ್ಷದ ಸ್ಕೀಮಿನವರಲ್ವಾ? ಇವರಿಗೆ ಪೂರ್ತಿ ಗೌರವಾನೋ, ಬರೀ ಹೂವಿನ ಹಾರಾನೋ? ಯುದ್ಧದಲ್ಲಿ ಬೇರೆ ಸತ್ತಿಲ್ಲ."

ನಮ್ಮ ಇನ್ಸ್‌ಪೆಕ್ಟರು ಚಿಕ್ಕ ವಯಸ್ಸಿನವರು, ಕೆಟ್ಟವರಲ್ಲ, ಆದರೆ ಕಣ್ಣು ಯಾವಾಗಲೂ ಫೋನಿನ ಮೇಲೆ. "ಪೂರ್ತಿ ಅಂತ ಆದೇಶ ಇದೆ ಸರ್, ಆದ್ರೂ ಒಂದ್ಸಲ ಕೇಳ್ತೀನಿ," ಎಂದು ಆ ಕಡೆ ಹೋದರು. ಆದೇಶ ಕೈಯಲ್ಲಿರುವವನು ಕೇಳುವುದೇನನ್ನು? ನಾನು ಅವರ ಹಿಂದೆ ಹೊರಟವನು, ತಾಯಿ ಕರೆದಿದ್ದರಿಂದ ನಿಂತೆ.

"ಅಪ್ಪೋ, ಪೋಲೀಸ್ನೋರೇ. ಒಸಿ ಬನ್ನಿ ಇಲ್ಲಿ."

ಹೋಗಿ ಬಗ್ಗಿದೆ.

"ನನ್ ಮಗ ಪೂರಾ ಸೈನಿಕ್ನೇ ಅಲ್ವಾ? ಆವಪ್ಪ ಏನೋ ಅಂದ್ನಲ್ಲ."

"ಪೂರ್ತಿ ಸೈನಿಕನೇ ಕಣಮ್ಮ."

"ಮತ್ತೆ ಅರ್ದ ಗೌರ್ವ ಅಂತ ಏನಾರ ಇದ್ದದಾ?"

"ಅರ್ಧ ಅನ್ನೋದು ನಮ್ಮಲ್ಲಿಲ್ಲ. ಹಾರಿಸಿದರೆ ಎಲ್ಲರೂ ಒಟ್ಟಿಗೆ ಮೂರು ಸಲ ಹಾರಿಸ್ತೀವಿ. ಇಲ್ಲದಿದ್ದರೆ ಹಾರಿಸೋದೇ ಇಲ್ಲ."

"ಮೂರು," ಎಂದರು ಆಕೆ.

"ಮೂರು."

ಆಕೆ ತಲೆ ಆಡಿಸಿ ಮತ್ತೆ ಪೆಟ್ಟಿಗೆಯ ಕಡೆ ತಿರುಗಿದರು. ಆ ಮಾತು ಕೊಟ್ಟ ಮೇಲೆ ಆವತ್ತಿನ ಕೆಲಸ ನನಗೆ ಬರೀ ಕೆಲಸವಾಗಿ ಉಳಿಯಲಿಲ್ಲ.

ಒಬ್ಬ ಸಚಿವರು ಬಂದು ಹೂಗುಚ್ಛ ಇಡುವವರೆಗೆ ಏನೂ ನಡೆಯಕೂಡದು ಎಂದು ಇನ್ಸ್‌ಪೆಕ್ಟರು ವಾಪಸು ಬಂದು ಹೇಳಿದರು. ಸಚಿವರು ಮದ್ದೂರಿನಲ್ಲಿ ಒಂದು ಸಭೆಯಲ್ಲಿದ್ದರು. ಸಭೆ ಯಾವುದರ ಬಗ್ಗೆ ಎಂದರೆ, ಯೋಧರಿಗೆ ಕೇಂದ್ರ ಮಾಡುತ್ತಿರುವ ಅನ್ಯಾಯದ ಬಗ್ಗೆ. ವಿರೋಧ ಪಕ್ಷದ ಮುಖಂಡರೂ ಹೊರಟಿದ್ದರು. ಅವರು ಬರುವುದು, ಯೋಧರಿಗೆ ರಾಜ್ಯ ಮಾಡುತ್ತಿರುವ ಅವಮಾನ ಖಂಡಿಸಲು. ಯೋಧ ಬಿಸಿಲಲ್ಲಿ ಮಲಗಿದ್ದ.

ಮಧ್ಯಾಹ್ನ ಕಳೆಯಿತು. "ಮಳವಳ್ಳಿ ದಾಟಿದಾರಂತೆ," ಎಂದರು ಇನ್ಸ್‌ಪೆಕ್ಟರು. ಸ್ವಲ್ಪ ಹೊತ್ತಿನ ಮೇಲೆ, "ಮಳವಳ್ಳಿಗೆ ಬಂದ್ರಂತೆ," ಎಂದರು. ದಾಟಿದವರು ಮತ್ತೆ ಹೇಗೆ ಬಂದರೋ ನನಗೆ ತಿಳಿಯಲಿಲ್ಲ. ಊರಿಗೆ ಬರುವ ರಸ್ತೆ ಒಂದೇ, ಕಿರಿದು. ಎರಡು ಪಕ್ಷದ ಬೈಕುಗಳೂ ಅದರಲ್ಲಿ ಅಕ್ಕಪಕ್ಕ ಸಿಕ್ಕಿಹಾಕಿಕೊಂಡು, ಯಾರು ಮೊದಲು ಹೋಗಬೇಕೆಂದು ಘೋಷಣೆ ಕೂಗುತ್ತಿದ್ದವಂತೆ.

ಬೋರೇಗೌಡ ಬಂದ.

"ಸಾರ್, ನಮ್ಮಲ್ಲಿ ಒತ್ತು ಮುಳ್ಗೋಕ್ ಮುಂಚೆ ಮಣ್ಣಾಗ್ಬೇಕು. ದೀಪ ಅಚ್ಚೋ ಒತ್ನಲ್ಲಿ ಎಣ ಮಡಿಕಂಡಿರಕಾಯ್ತದಾ? ನಿಮ್ ಮಂತ್ರಿ ಬರಗಂಟ ಸೂರ್ಯ ನಿಂತ್ಕತಾನಾ?"

ಆತ ಹೇಳಿದ್ದು ಸರಿ. ಹೊತ್ತು ಮುಳುಗಿದ ಮೇಲೆ ಗೌರವ ಸಲ್ಲಿಸುವ ವಾಡಿಕೆ ನಮ್ಮಲ್ಲೂ ಇಲ್ಲ. ಇನ್ಸ್‌ಪೆಕ್ಟರಿಗೆ ಹೇಳಿದೆ. ಅವರು ಒಪ್ಪಿದ್ದು ಅರ್ಧಕ್ಕೆ: ಪೆಟ್ಟಿಗೆಯನ್ನು ಹೊಲಕ್ಕೆ ಒಯ್ದು ಸಿದ್ಧವಾಗಿಟ್ಟುಕೊಳ್ಳುವುದು, ಸಚಿವರು ಬಂದ ತಕ್ಷಣ ಮುಗಿಸುವುದು. ಮನೆಯವರ ಸ್ವಂತ ಹೊಲದಲ್ಲೇ ಗುಂಡಿ ತೆಗೆದಿದ್ದರು. ಅಲ್ಲಿ ಸುಬೇದಾರರು ಧ್ವಜ ತೆಗೆದು, ಮಡಿಸಿ, ತಾಯಿಯ ಕೈಗೆ ಕೊಟ್ಟರು. ಸಚಿವರೇ ಕೊಡಬೇಕು ಎಂದು ಕಂದಾಯದವರು ಗೊಣಗಿದರು. ಸುಬೇದಾರರಿಗೆ ಕನ್ನಡ ಬರುತ್ತಿರಲಿಲ್ಲ. ಬರುತ್ತಿದ್ದರೂ ಕೇಳುತ್ತಿದ್ದರೆಂದು ನನಗನ್ನಿಸುವುದಿಲ್ಲ.

ಪೆಟ್ಟಿಗೆಯನ್ನು ಹಗ್ಗದ ಮೇಲೆ ಗುಂಡಿಯ ಅಂಚಿನಲ್ಲಿಟ್ಟರು. ಕಂದಾಯದ ಅಧಿಕಾರಿ ನೆಂಟರಿಗೆ ಹೇಳಿದರು: "ಗುಂಡಿನ ಸದ್ದು ಕೇಳಿದ ಮೇಲೆ ಇಳಿಸಿ, ಅದಕ್ಕೆ ಮುಂಚೆ ಬೇಡ." ನಾನು ನನ್ನ ಸಾಲನ್ನು ಜನರಿಂದ ಆಚೆ, ನಾಲೆಯ ಏರಿಯ ಬುಡದಲ್ಲಿ ನಿಲ್ಲಿಸಿದೆ. ಗುಂಡಿಲ್ಲದ ತೋಟಾವಾದರೂ ಜನರ ಮುಖದ ಹತ್ತಿರ ಹಾರಿಸುವಂತಿಲ್ಲ. ಗುಂಡಿಗೂ ನಮಗೂ ನಡುವೆ ಊರಿಗೆ ಊರೇ ನಿಂತಿತ್ತು. ಗುಂಡಿಯ ಬಳಿ ಇದ್ದವರಿಗೆ ನಾವು ಕಾಣುತ್ತಿರಲಿಲ್ಲ. ಇನ್ಸ್‌ಪೆಕ್ಟರು, "ನಾನು ಕೈ ಬೀಸೋವರೆಗೂ ಹಾರಿಸ್ಬೇಡಿ," ಎಂದು ಹೇಳಿ ಸಚಿವರನ್ನು ಎದುರುಗೊಳ್ಳಲು ಊರ ಬಾಗಿಲಿಗೆ ಓಡಿದರು.

ಸೂರ್ಯ ತೆಂಗಿನ ಮರಗಳ ಹಿಂದಕ್ಕೆ ಹೋಗಿದ್ದ. ಅಂತೂ ಸಚಿವರ ಕಾರು ಊರು ಮುಟ್ಟಿತು. ಆಗ ಅವರ ಹುಡುಗರು ಏನು ಮಾಡಿದರು ಗೊತ್ತೆ? ನಾಯಕರು ಯಾವ ಊರಿಗೆ ಹೋದರೂ ಮಾಡುವುದನ್ನೇ ಮಾಡಿದರು. ರೂಢಿ. ಊರ ಬಾಗಿಲಲ್ಲಿ ಪಟಾಕಿ ಸರ ಹಚ್ಚಿದರು.

ಪಟಪಟಪಟ ಎಂದು ಸಿಡಿಯಿತು. ನಮ್ಮ ಸಾಲಿನ ಹುಡುಗರು ಬೆಚ್ಚಿ ನನ್ನ ಕಡೆ ನೋಡಿದರು. ಗುಂಡಿಯ ಬಳಿ ಇದ್ದ ನೆಂಟರು ಗುಂಡಿನ ಸದ್ದು ಬಂತೆಂದು ಹಗ್ಗ ಬಿಟ್ಟರು. ಪೆಟ್ಟಿಗೆ ಇಳಿಯಿತು. ಬೋರೇಗೌಡ ಸೋದರಮಾವನ ಮಣ್ಣು ಹಾಕಿದ. ಆ ಕಡೆಯ ಪದ್ಧತಿಯಲ್ಲಿ ಅಲ್ಲಿಗೆ ಮುಗಿಯಿತು. ಸೋದರಮಾವನ ಮಣ್ಣು ಬಿದ್ದ ಮೇಲೆ ದೇಹವನ್ನು ಮತ್ತೆ ಮೇಲಕ್ಕೆ ತರುವುದಿಲ್ಲ.

ನಾನು ಸಾಲನ್ನು ಹಾಗೇ ನಿಲ್ಲಿಸಿ ಜನರ ನಡುವೆ ನುಗ್ಗಿ ಹೋದೆ. ಅಷ್ಟರಲ್ಲಿ ಸಚಿವರು ದೊಡ್ಡ ಹೂಗುಚ್ಛ ಹಿಡಿದು ಬಂದರು. ಅವರ ಹಿಂದೆ ಕ್ಯಾಮೆರಾಗಳು. ಅವರ ಕಡೆಯವನೊಬ್ಬ ಗುಂಡಿಯೊಳಗೆ ಬಗ್ಗಿ ನೋಡಿದ.

"ಅಯ್ಯೋ, ಇಳಿಸ್ಬಿಟ್ರಾ? ಎತ್ರಿ, ಎತ್ರಿ. ಸಾಹೇಬ್ರು ಹೂವ ಇಡ್ಬೇಕು. ಎರಡು ನಿಮಿಷದ ಕೆಲಸ."

"ಮಣ್ಣ್ ಬಿದ್ ಮ್ಯಾಲೆ ಎತ್ತದಾ?" ಎಂದ ಬೋರೇಗೌಡ. "ಯಾವೂರ್ಲಾ ನಿಂದು? ಗೆಣಸ್ನಾ ಇದು, ಕಿತ್ತು ನೋಡಿ ಮತ್ತೆ ಊಣಕ್ಕೆ?"

"ಮಾತು ಸರಿಯಾಗಿ ಆಡಿ ಯಜಮಾನ್ರೆ, ಮಂತ್ರಿಗಳ ಮುಂದೆ ಇದೀರಿ."

"ಮಂತ್ರಿಗಳು ನನ್ನ ಮುಂದವ್ರೆ. ನಾನು ನಮ್ ಜಮೀನ್ನಲ್ಲಿ ನಿಂತಿವ್ನಿ."

ಅಷ್ಟರಲ್ಲಿ ವಿರೋಧ ಪಕ್ಷದವರೂ ಬಂದು ಸೇರಿದರು. ಯೋಧನಿಗೆ ಅವಮಾನ ಎಂದು ಇವರು ಕೂಗಿದರು, ಶವದ ಮೇಲೆ ರಾಜಕೀಯ ಎಂದು ಅವರು ಕೂಗಿದರು. ಯಾರೋ ಇಬ್ಬರು ಹಗ್ಗಕ್ಕೆ ಕೈ ಹಾಕಿದ್ದೂ ಕಂಡೆ. ಇನ್ಸ್‌ಪೆಕ್ಟರು ನನ್ನ ಕಿವಿಯಲ್ಲಿ, "ತಡೀರಿ, ಮೇಲಿನವರನ್ನ ಕೇಳ್ತೀನಿ. ಎತ್ತೋದಾದ್ರೆ ಎತ್ಲಿ. ಇಲ್ದಿದ್ರೆ ಹಾರಿಸೋದೇ ಬೇಡ, ಹೊತ್ತೂ ಆಯ್ತು," ಎಂದು ಫೋನು ಕಿವಿಗಿಟ್ಟುಕೊಂಡು ಆಚೆ ಹೋದರು.

ಆ ಗದ್ದಲದಲ್ಲಿ ತಾಯಿ ನನ್ನನ್ನು ಕಂಡರು. ಮಡಿಸಿದ ಧ್ವಜವನ್ನು ಎದೆಗೊತ್ತಿಕೊಂಡಿದ್ದರು.

"ಅಪ್ಪೋ, ಅದು ನಿಮ್ದಾ? ಪಟಪಟ ಅಂತಲ್ಲ. ನಾನು ಎಣುಸ್ತಾ ಇದ್ದೆ. ಎಣ್ಸಕ್ಕೇ ಆಗ್ಲಿಲ್ಲ."

"ಇಲ್ಲ ಕಣಮ್ಮ. ಅದು ನಮ್ಮದಲ್ಲ. ನಮ್ಮದು ಇನ್ನೂ ಆಗಿಲ್ಲ."

"ಆಗ್ತದಾ?"

ಅವರು ಗದರಿಸಿ ಕೇಳಲಿಲ್ಲ, ಬೇಡಿ ಕೇಳಲಿಲ್ಲ. ಬಸ್ಸು ಬರುತ್ತದೆಯೇ ಎಂದು ಕೇಳುವ ಹಾಗೆ ಕೇಳಿದರು. ಸೂರ್ಯ ಇನ್ನೂ ಕಾಣುತ್ತಿದ್ದ, ಕೆಳಗಿನ ಅಂಚು ನೆಲ ಮುಟ್ಟುವುದರಲ್ಲಿತ್ತು.

"ಆಗ್ತದೆ," ಎಂದೆ.

ಏರಿಯ ಕಡೆ ನಡೆದೆ. ಓಡಲಿಲ್ಲ, ಆ ಉಡುಪಿನಲ್ಲಿ ಓಡಬಾರದು. ನನಗೆ ಕೈಯಲ್ಲಿದ್ದ ಆದೇಶ ಪೂರ್ತಿ ಗೌರವ ಸಲ್ಲಿಸಿ ಎಂಬುದು. ಸಚಿವರು ಬಂದ ಮೇಲೆ ಎಂದಿದ್ದರು, ಸಚಿವರು ಬಂದಾಗಿತ್ತು. ಕೈ ಬೀಸಬೇಕಾದವರು ಆ ಕೈಯಲ್ಲಿ ಫೋನು ಹಿಡಿದಿದ್ದರು. ಸಾಲಿನ ಮುಂದೆ ನಿಂತು ನನಗಿದ್ದ ಅಷ್ಟೂ ಗಂಟಲಿನಲ್ಲಿ ಸಾವಧಾನ್ ಕೊಟ್ಟೆ.

ಈ ಒಂದು ಆಜ್ಞೆಯ ಗುಣ ನೀವು ತಿಳಿಯಬೇಕು. ಕವಾಯತು ಗೊತ್ತಿಲ್ಲದವನೂ ಅದನ್ನು ಕೇಳಿದರೆ ಒಂದು ಗಳಿಗೆ ಸುಮ್ಮನಾಗುತ್ತಾನೆ. ಶಾಲೆಯಲ್ಲಿ ಎಲ್ಲರೂ ಕೇಳಿದ್ದೇ ತಾನೆ. ಸೇನೆಯ ಸುಬೇದಾರರು ಗುಂಡಿಯ ಪಕ್ಕದಲ್ಲೇ ಕಾಲು ಜೋಡಿಸಿ ಸೆಲ್ಯೂಟಿಗೆ ಕೈ ಎತ್ತಿದರು. ಅವರನ್ನು ನೋಡಿ ಸಚಿವರು ಹೂಗುಚ್ಛ ಹಿಡಿದೇ ನೆಟ್ಟಗಾದರು. ಸಚಿವರು ನೆಟ್ಟಗಾದ ಮೇಲೆ ಅವರ ಹಿಂದಿನವರು ಕೂಗುವುದು ಹೇಗೆ? ಅವರು ಬಾಯಿ ಮುಚ್ಚಿದ ಮೇಲೆ ಈ ಕಡೆಯವರೂ ಮುಚ್ಚಿದರು. ಹಗ್ಗದ ಮೇಲಿದ್ದ ಕೈಗಳು ಕೆಳಗಿಳಿದವು.

ಮೊದಲನೆಯದು ಹಾರಿತು. ಎಲ್ಲ ಬಂದೂಕೂ ಒಂದೇ ಸದ್ದು. ಎರಡನೆಯದು ಅದಕ್ಕಿಂತ ಚೆನ್ನಾಗಿತ್ತು. ಮೂರನೆಯದರ ಸದ್ದು ನಾಲೆಯ ಆಚೆಯ ಗದ್ದೆಗಳ ಮೇಲೆ ಹೋಗಿ ತಿರುಗಿ ಬಂತು. ಆಮೇಲೆ ನಜೀರ್ ತುತ್ತೂರಿ ಎತ್ತಿದ. ಬೆಳಿಗ್ಗೆಯಿಂದ ನೀರು ಕುಡಿದಿರಲಿಲ್ಲ ಅವನು, ತುಟಿ ಒಣಗಿ ಬಿರಿದಿತ್ತು. ಒಂದು ಸ್ವರವೂ ಜಾರಲಿಲ್ಲ. ಅದು ಮುಗಿಯುವ ತನಕ ಒಬ್ಬರೂ ಅಲುಗಲಿಲ್ಲ, ಮತ್ತು ಅಷ್ಟರಲ್ಲಿ ಚಿಕ್ಕತಾಯಮ್ಮ ಬಗ್ಗಿ ಒಂದು ಹಿಡಿ ಮಣ್ಣು ತೆಗೆದು ಮಗನ ಮೇಲೆ ಹಾಕಿದ್ದರು. ತಾಯಿ ಮಣ್ಣು ಹಾಕಿದ್ದನ್ನು ಎತ್ತಿ ಎಂದು ಹೇಳುವ ಗಂಡಸು ಅಲ್ಲಿ ಯಾವ ಪಕ್ಷದಲ್ಲೂ ಇರಲಿಲ್ಲ. ಸಚಿವರು ಹೂಗುಚ್ಛವನ್ನು ಗುಂಡಿಯ ಪಕ್ಕದಲ್ಲಿಟ್ಟು, ಕೈ ಮುಗಿದು, ಮಾತಾಡದೆ ಹೋದರು. ಅವರ ಬಗ್ಗೆ ನನಗೆ ಇರುವ ಒಂದೇ ಒಳ್ಳೆಯ ನೆನಪು ಇದು. ಇದ್ದದ್ದನ್ನು ಹೇಳಬೇಕು.

ಆದರೆ ಹಿಂಬಾಲಕರು ಸುಮ್ಮನಿರುತ್ತಾರೆಯೆ? ಮಾರನೆಯ ದಿನ ಎರಡು ಹೇಳಿಕೆ ಬಂದವು. ಸಚಿವರು ಅಂತಿಮ ನಮನ ಸಲ್ಲಿಸುವ ಮೊದಲೇ ಪೊಲೀಸರು ಬೇಕೆಂದೇ ಮುಗಿಸಿದರು, ಇದರ ಹಿಂದೆ ವಿರೋಧ ಪಕ್ಷದ ಕೈವಾಡ ಎಂದು ಒಂದು. ಸರ್ಕಾರ ಪೊಲೀಸರ ಮೂಲಕ ಯೋಧನನ್ನು ಆತುರಾತುರವಾಗಿ ಹೂಳಿಸಿತು ಎಂದು ಇನ್ನೊಂದು. ಟಿ.ವಿ.ಯಲ್ಲಿ ಚರ್ಚೆ. ಸಾವಧಾನ್ ಎಂದರೇನೆಂದು ತಿಳಿಯದ ನಾಲ್ಕು ಜನ ಕುಶಾಲತೋಪಿನ ನಿಯಮ ವಿವರಿಸಿದರು. ಪಟಾಕಿಯ ಬಗ್ಗೆ ಒಬ್ಬರೂ ಮಾತೆತ್ತಲಿಲ್ಲ. ನನಗೆ ನೋಟೀಸು ಬಂತು: ಯಾರ ಅಪ್ಪಣೆಯ ಮೇಲೆ ಹಾರಿಸಿದಿರಿ? ನಿವೃತ್ತಿಯ ಹೊತ್ತಿನಲ್ಲಿ ಇಂಥದ್ದು ತಗುಲಿಕೊಂಡರೆ ಏನಾಗುತ್ತದೆಂದು ನೌಕರಿ ಮಾಡಿದವರಿಗೆಲ್ಲ ಗೊತ್ತು. ಮನೆಯಲ್ಲಿ ಹೆಂಡತಿ, "ನಿಮ್ಗೇ ಯಾಕ್ ಬೇಕಿತ್ತು, ಕೈ ಬೀಸ್ಲಿಲ್ಲ ಅಂತ ಸುಮ್ಕೆ ನಿಂತಿದ್ರೆ ಆಗ್ತಿತ್ತು," ಎಂದಳು. ನಿಯಮದ ಪ್ರಕಾರ ಅವಳ ಮಾತು ಸರಿ.

ವಿಚಾರಣೆಗೆ ಒಬ್ಬ ಅಧಿಕಾರಿ ಬಂದರು. ಸಭ್ಯರು. ಮನೆಯವರ ಹೇಳಿಕೆಯೂ ಬೇಕೆಂದು ಕೇಳಿದ್ದರಂತೆ. ನಾನು ವಿಚಾರಣೆಯ ಕೋಣೆಯ ಬಾಗಿಲ ಬಳಿ ನಿಂತಿದ್ದಾಗ ಚಿಕ್ಕತಾಯಮ್ಮ ಬೋರೇಗೌಡನ ಜೊತೆ ಮಂಡ್ಯಕ್ಕೆ ಬಸ್ಸಿನಲ್ಲಿ ಬಂದಿಳಿದು ಒಳಗೆ ಹೋದರು. ಅಧಿಕಾರಿ ಕುರ್ಚಿ ತೋರಿಸಿದರು. ಆಕೆ ಕೂರಲಿಲ್ಲ.

"ಅಮ್ಮ, ಗಣ್ಯರು ಗೌರವ ಸಲ್ಲಿಸುವ ಮೊದಲೇ ಕಾರ್ಯಕ್ರಮ ಮುಗಿಸಿದರು ಅಂತ ದೂರು ಇದೆ. ನಿಮಗೇನಾದರೂ ಬೇಜಾರಿದೆಯಾ?"

"ನನ್ ಮಗುಂಗೆ ಮೂರ್ ಸಲ ಒಡುದ್ರು. ನಾನೇ ಎಣುಸ್ಕಂಡೆ."

"ಅದು ಸರಿ. ಆದರೆ ಮಂತ್ರಿಗಳು..."

"ಒಂದ್ ಮಾತ್ ಕೇಳ್ತೀನಿ ಸಾಮಿ, ಬೇಜಾರ್ ಮಾಡ್ಕಬ್ಯಾಡಿ," ಎಂದರು ಆಕೆ. "ನಾಳೀಕೆ ಆ ಮಂತ್ರಿಗೋಳು ತೀರೋದ್ರು ಅನ್ನಿ. ಅವ್ರಿಗೆ ಎಷ್ಟ್ ಸಲ ಒಡೀತೀರಿ?"

ಅಧಿಕಾರಿ ನನ್ನ ಕಡೆ ನೋಡಿದರು. ನಾನು ಗೋಡೆಯ ಕಡೆ ನೋಡಿದೆ.

"ಅವರಿಗೂ ಮೂರೇ ಅಮ್ಮ," ಎಂದರು.

"ಅಂಗಾರೆ ಸರ್ಯೋಯ್ತಲ್ಲ. ಬಾರ್ಲಾ ಬೋರ, ಬಸ್ಸಿಗೊತ್ತಾಯ್ತದೆ."